ಕೆಂಪು ಕೋಟು

ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲಿನ ಪೈನ್ ಕಾಡಿನ ಶಿಬಿರದಲ್ಲಿ ನೀರಿಗಿದ್ದದ್ದು ಒಂದೇ ನಲ್ಲಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಆರ್ವಿಲ್ಲಾಳ ಮುಂದೆಯೇ ಆ ಮುದಿ ದಂಪತಿಗಳಿದ್ದರು. ಅಡುಗೆ, ಹಾಸಿಗೆ ಎಲ್ಲ ಒಳಗೇ ಇರುವ ಅವರ ಮನೆಗಾಡಿ ಹಿಂದಕ್ಕೆ ಬಂದು ಮರಕ್ಕೆ ಗುದ್ದಿದ್ದನ್ನು ಆಗಷ್ಟೇ ಇಡೀ ಶಿಬಿರ ನೋಡಿತ್ತು.

“ಹಿಂದೆ ನಿಂತು ಎರಡೂ ಕೈ ಎತ್ತಿ ನಿಲ್ಸು ಅಂದ್ನಲ್ಲ, ವರ್ಲ್! ಕನ್ನಡಿ ನೋಡ್ಲಿಲ್ವಾ?”

“ನೋಡ್ದೆ. ನೀನು ಕಾಣ್ಲಿಲ್ಲ.”

“ಇಷ್ಟು ದಪ್ಪ ಹೆಂಗಸು ಕಾಣ್ಲಿಲ್ವಾ?”

“ಹಸಿರು ಸ್ವೆಟರ್ ಹಾಕ್ಕೊಂಡು ಮರಗಳ ಮಧ್ಯೆ ನಿಂತ್ರೆ ಹೆಂಗೆ ಕಾಣ್ತೀಯ, ನಯೋಮ? ಆ ಕೆಂಪು ಕೋಟು ಎಲ್ಲಿ?”

“ಮೊಣಕೈ ಹರಿದಿತ್ತು. ಚರ್ಚಿಗೆ ಕೊಟ್ಬಿಟ್ಟೆ. ಗಾಡಿ ಹಿಂದಕ್ಕೆ ತೆಗೆಯೋ ಪ್ರತಿ ಸಲ ಅದನ್ನೇ ಹಾಕ್ಕೋ ಅಂತ ಯಾಕೆ ಪ್ರಾಣ ತಿಂತಿದ್ದೆ?”

ವರ್ಲ್ ಕ್ಯಾನನ್ನು ನಲ್ಲಿಯ ಕೆಳಗಿಟ್ಟ. ನಲ್ಲಿ ತಿರುಗಿಸಿದ.

“ಕಣ್ಣು ಮಂಜಾಗಿ ಕನ್ನಡೀಲಿ ನಿನ್ನ ಕೈ ಕಾಣ್ದೆ ಎರಡು ವರ್ಷ ಆಯ್ತು ಕಣೇ. ಕೆಂಪು ಹತ್ರ ಬಂತು ಅಂದ್ರೆ ನಿಲ್ಲಿಸ್ತಿದ್ದೆ.”

“ಅಯ್ಯೋ ಮಾರಾಯ! ಹೇಳೋಕೇನಾಗಿತ್ತು?”

“ಹೇಳಿದ್ರೆ ಗಾಡಿ ಮಾರು ಅಂತಿದ್ದೆ. ಆಮೇಲೆ ಈ ಕಾಡೆಲ್ಲಿ, ನಾವೆಲ್ಲಿ?”

“ಮಾರೋ ಮಾತು ಯಾರು ಆಡಿದ್ರು? ಕೀ ಕೊಡು. ಇನ್ಮೇಲೆ ನಾನು ಓಡಿಸ್ತೀನಿ, ನೀನು ಹಿಂದೆ ನಿಂತು ಕೈ ಬೀಸು.”

“ನೀನಾ? ಕಾಡಲ್ಲಿ ಒಂದು ಮರನಾದ್ರೂ ಉಳಿಯುತ್ತಾ?”

ಆದರೂ ಕೀ ಕೈ ಬದಲಾಯಿತು. ತುಂಬಿದ ಕ್ಯಾನನ್ನು ಇಬ್ಬರೂ ಹಿಡಿದು, ಆ ಎತ್ತರದ ತೆಳುಗಾಳಿಯಲ್ಲಿ ನಿಂತು ನಿಂತು ಉಸಿರೆಳೆದುಕೊಳ್ಳುತ್ತ ಹೊರಟರು.

“ಹಾಗಾದ್ರೆ ನಾನೂ ಕೆಂಪು ಕೋಟು ಹೊಲಿಸ್ಕೋಬೇಕಾ?”

“ಬೇಡ. ಟೋಪಿ ತೆಗೆದು ನಿಂತ್ಕೋ ಸಾಕು. ನಿನ್ನ ಬೋಳು ತಲೆ ಕನ್ನಡಿ ತುಂಬ ಹೊಳೆಯುತ್ತೆ.”