ಬಾರ್ಬೆಕ್ಯೂ ಕಾದ ಮಿಸ್ ಐವೊರಿನ್

ಅಧ್ಯಕ್ಷರಾದ ಪಾಸ್ಟರ್ ಕ್ರೂಕ್‌ಶ್ಯಾಂಕ್ ಅವರೇ, ಕಾಫಿ ಸಂಘದ ಪದಾಧಿಕಾರಿಗಳೇ, ಮೂವತ್ತೆಂಟು ವರ್ಷ ನಮ್ಮ ಬಾರ್ಬೆಕ್ಯೂ ಕಾದು ಇಂದು ಬೀಗದ ಕೈ ಒಪ್ಪಿಸುತ್ತಿರುವ ಮಿಸ್ ಐವೊರಿನ್ ಟಲಕ್ ಅವರೇ, ಆಡಿನ ಸಾರಿನ ವಾಸನೆಗೆ ಆಗಲೇ ಬಾಗಿಲ ಕಡೆ ಕತ್ತು ತಿರುಗಿಸಿರುವ ಸಭಿಕರೇ,

ಇಂಗ್ಲೆಂಡಿನಲ್ಲಿ ನಿಘಂಟು ಬರೆಯುವ ಪಂಡಿತರಿಗೆ ಯಾವುದೇ ಪದದ ಮೇಲೆ ಅನುಮಾನ ಬಂದರೂ ಅವರು ಮೊದಲು ಕಾಗದ ಬರೆಯುವುದು ನನಗೆ, ಈ ಲ್ಯಾಸೆಲ್ಸ್ ಬರೋಸ್‌ಗೆ. ಅಂಚೆಯವನು ಆ ಕಾಗದಗಳನ್ನು ಎಲ್ಲಿ ಕಳೆಯುತ್ತಾನೋ, ಇದುವರೆಗೆ ಒಂದೂ ಕೈ ಸೇರಿಲ್ಲ. ಸೇರಿದ್ದರೆ ಬಾರ್ಬೆಕ್ಯೂ ಎಂಬ ಪದದ ಜಾತಕವನ್ನು ಹೀಗೆ ಬರೆದು ಕಳಿಸುತ್ತಿದ್ದೆ.

ಆ ಪದ ಹುಟ್ಟಿದ್ದು ನಮ್ಮ ಈ ದ್ವೀಪಗಳಲ್ಲಿ. ಇಲ್ಲಿನ ಮೊದಲ ಜನ ತಾಯಿನೋಗಳು ನಾಲ್ಕು ಗೂಟ ನೆಟ್ಟು, ಹಸಿ ಕಡ್ಡಿ ಹೆಣೆದು ಅಟ್ಟ ಮಾಡಿದರು. ಅದರ ಮೇಲೆ ಮಲಗಿದರು, ಅದರ ಮೇಲೆಯೇ ಮೀನು ಮಾಂಸ ಒಣಗಿಸಿದರು. ಅಟ್ಟದ ಹೆಸರನ್ನು ಸ್ಪೇನಿನವರು ಎತ್ತಿಕೊಂಡರು, ಅವರ ಕೈಯಿಂದ ಇಂಗ್ಲಿಷಿನವರು ಕಿತ್ತುಕೊಂಡರು. ಪೇಟೆಯವರಿಗೆ ಈಗ ಅದು ಸುಟ್ಟ ಮಾಂಸ. ಇನ್ನೂ ದುಡ್ಡಿದ್ದವರಿಗೆ ಬಿಯರ್ ಸಮೇತ ಇಡೀ ಭಾನುವಾರ. ನಮ್ಮ ಬೆಟ್ಟದಲ್ಲಿ ಮಾತ್ರ ಬಾರ್ಬೆಕ್ಯೂ ಅಂದರೆ ಕಾಫಿ ಒಣಗಿಸುವ ಗಾರೆಯ ಕಣ. ಇದನ್ನು ನನಗೆ ಕಲಿಸಿದ್ದು ಆರನೇ ಕ್ಲಾಸಿನ ಮೇಷ್ಟರು. ಆ ಕ್ಲಾಸಿನಲ್ಲಿ ನಾನು ಮೂರು ವರ್ಷ ಕೂತಿದ್ದರಿಂದ ಚೆನ್ನಾಗಿ ನೆನಪಿದೆ.

ಆದರೆ ಕಣ ಅಂದರೆ ಬರೀ ಗಾರೆಯೇ? ಮೋಡ ಕಂಡರೆ ಓಡಿ ಬಂದು ಗೋರುಮಣೆಯಿಂದ ಬೀಜ ಗುಡ್ಡೆ ಹಾಕುವವರು ಯಾರು? ಹಲ್ಲಿನಲ್ಲಿ ಕಚ್ಚಿ 'ಇನ್ನೊಂದು ಬಿಸಿಲು ಬೇಕು' ಎನ್ನುವವರು ಯಾರು? ಮಿಸ್ ಐವೊರಿನ್! ಕಣದ ಸುತ್ತ ಬೀಡಿ ಸೇದಲು ಬಿಡರು, ಮೀನು ಹುರಿಯಲು ಬಿಡರು. ಒಣಗುವ ಕಾಫಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಕುಡಿಯುತ್ತದೆ ಎಂಬುದು ಇಲ್ಲಿ ಕೂಸಿಗೂ ಗೊತ್ತು.

ಕಾರ್ಯದರ್ಶಿಗಳು ಈಗಷ್ಟೇ ಸನ್ಮಾನ ಪತ್ರ ಓದಿದರು. ಚೆನ್ನಾಗಿದೆ. ಆದರೆ ಅದರಲ್ಲಿ 'ಒಂದು ವರ್ಷ ಬಿಟ್ಟರೆ ಇವರ ಕೈಯಲ್ಲಿ ಕಾಫಿ ಕೆಟ್ಟದ್ದಿಲ್ಲ' ಎಂದೊಂದು ಸಾಲಿದೆ. ಹೌದು, ಇಪ್ಪತ್ತಾರು ವರ್ಷದ ಹಿಂದೆ ಅವರದೇ ಹನ್ನೊಂದು ಮೂಟೆಯನ್ನು, ಕಾಫಿ ಕೊಳ್ಳುವವರ ಕಡೆಯ ರುಚಿ ನೋಡುವವನು ಉಗುಳಿ ವಾಪಸು ಕಳಿಸಿದ. 'ತನ್ನ ಕಾಫಿಯನ್ನೇ ಒಣಗಿಸಲಾರದವಳು' ಎಂದು ಅಂಗಡಿ ಕಟ್ಟೆಯಲ್ಲಿ ಆಡಿಕೊಂಡರು. ನಾನೂ ತಲೆಯಾಡಿಸಿದೆ.

ಆ ವಾರ ಅವರ ಅಕ್ಕ ತೀರಿಕೊಂಡಿದ್ದರು. ಹೊರಡುವಾಗ ನನಗೆ ಹೇಳಿದ್ದು ಇಷ್ಟು: "ಲ್ಯಾಸೆಲ್ಸ್, ಮಣ್ಣು ಮುಗಿಸ್ಕೊಂಡು ಸಂಜೆಗೆ ಬಂದ್ಬಿಡ್ತೀನಿ. ಗಂಟೆಗೊಂದ್ಸಲ ಬೀಜ ತಿರುವಾಕು. ಬೇರೆ ಏನೂ ಮಾಡ್ಬೇಡ, ನಿನ್ನ ಕೈ ಮುಗೀತೀನಿ."

ಮಧ್ಯಾಹ್ನ ಕಿಂಗ್‌ಸ್ಟನ್ ಪೇಟೆಯಿಂದ ಕಾರಿನಲ್ಲಿ ನಾಲ್ವರು ಬಂದರು. ಕಣ ತೋರಿಸಿದೆ. ಒಬ್ಬ ನಕ್ಕ. "ಏನಣ್ಣಾ, ಬಾರ್ಬೆಕ್ಯೂ ಅಂತೀಯ, ಮಾಂಸಾನೇ ಇಲ್ವಲ್ಲ! ನಿಮ್ಮೂರೋರಿಗೆ ಅದೂ ಬರಲ್ವಾ?"

ಊರಿನ ಮಾನದ ಪ್ರಶ್ನೆ! ನಾನು ಸುಮ್ಮನಿರುವವನೇ? ಕಣದ ಮೂಲೆಯಲ್ಲೇ ಘಾಟು ಹೊಗೆಯ ಪಿಮೆಂಟೊ ಮರದ ಸೌದೆ ಹೊತ್ತಿಸಿ ಹಂದಿ ಮಾಂಸ ಸುಟ್ಟೆ. ಅವರು ಬೆರಳು ನೆಕ್ಕಿದರು. ಹೊಗೆ ಮಾತ್ರ ಗಾಳಿಯ ಜೊತೆ ಬೀಜದ ಮೇಲೆ ಹಾಯಾಗಿ ಮಲಗಿತು.

ಸಂಜೆ ಮಿಸ್ ಐವೊರಿನ್ ಬಂದರು. ಒಂದು ಹಿಡಿ ಬೀಜ ಎತ್ತಿ ಮೂಸಿದರು. ಬೈಯಲಿಲ್ಲ. "ಈ ಕಡೆ ಹರಡಿರೋ ಬೀಜ ಯಾರ್ದು ಗೊತ್ತೇನೋ? ವಿಧವೆ ಮರ್ಟೆಲ್‌ದು. ಆ ಕಡೇದು ಹೆಡ್ಲೀದು, ಮಗಳ ಮದುವೆ ಇಟ್ಕೊಂಡಿದಾನೆ," ಎಂದರು. ಹೊಗೆ ಕುಡಿದ ಹನ್ನೊಂದು ಮೂಟೆಯನ್ನು ತಾವಿಟ್ಟುಕೊಂಡು, ತಮ್ಮ ಮನೆಯಲ್ಲಿ ಒಣಗಿಸಿ ಕಟ್ಟಿಟ್ಟಿದ್ದ ಹನ್ನೊಂದನ್ನು ಆ ಇಬ್ಬರ ಹೆಸರಿಗೆ ಹಾಕಿದರು.

ನಾನು ಎರಡು ಆಡು ಮಾರಿ ದುಡ್ಡು ಒಯ್ದುಕೊಟ್ಟೆ. ಉಳಿದದ್ದನ್ನೂ ತರುತ್ತೇನೆ ಎಂದೆ. "ಇಷ್ಟೇ ಸಾಕು, ಹೋಗೋ. ಇನ್ನೂ ಆಡು ಮಾರಿದ್ರೆ ನಿನ್ನ ಹೆಂಡ್ತಿ ಕಾರಣ ಕೇಳ್ತಾಳೆ. ನೀನು ಹೇಳಿಬಿಟ್ರೆ ಮರ್ಟೆಲ್ ಆ ಮೂಟೆ ವಾಪಸ್ ತರ್ತಾಳೆ," ಎಂದರು. ಇಂದು ಮರ್ಟೆಲ್ ಇಲ್ಲ. ಹೆಡ್ಲಿಯ ಮೊಮ್ಮಕ್ಕಳು ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಕಾರ್ಯದರ್ಶಿಗಳೇ, ಪೆನ್ನು ತೆಗೆಯಿರಿ. ಆ ಸಾಲು ಹೊಡೆದು ಹಾಕಿ. ಮಿಸ್ ಐವೊರಿನ್, ಹಾಗೆ ಕಣ್ಣು ಬಿಡಬೇಡಿ, ಮೈಕು ನನ್ನ ಕೈಯಲ್ಲಿದೆ.

ಆ ವರ್ಷ ಆಡು ಏಕೆ ಮಾರಿದೆ ಎಂದವರಿಗೆಲ್ಲ, ಕುದುರೆ ಜೂಜಿನಲ್ಲಿ ಎರಡು ಲಕ್ಷ ಡಾಲರ್ ಕಳೆದೆ ಎಂದು ನಾನು ಊರೆಲ್ಲ ಮೆರೆದದ್ದು ನಿಮಗೆ ನೆನಪಿರಬಹುದು. ಕುದುರೆ ಜೂಜನ್ನು ನಾನು ಕಂಡೇ ಇಲ್ಲ. ಮಾತು ಕೇಳಿದ ನಿಮಗೂ, ಮಾತು ಮುಚ್ಚಿಟ್ಟ ಅವರಿಗೂ ಕೃತಜ್ಞತೆಗಳು. ನಾನು ಕಳೆದುಕೊಂಡದ್ದು ಎರಡು ಆಡಿನ ಬೆಲೆ, ಆರು ಸಾವಿರದ ನಾನೂರು ಡಾಲರ್. ಉಳಿದದ್ದನ್ನೆಲ್ಲ ಕಳೆದುಕೊಂಡವರು ಇಗೋ, ಹಾರ ಹಾಕಿಕೊಂಡು ಇಲ್ಲಿ ಕೂತಿದ್ದಾರೆ. ಅವರಿಗೆ ನಮಸ್ಕಾರ.