ರುಸ್ತಾಕಿನ ಸೀಲು

ಲೈಟ್ ಹಾಕಬೇಡಿ... ಇರಲಿ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ನಡುವೆ ನಕ್ಕರೆ ನಾನು ಮುಂದೆ ಹೇಳುವುದಿಲ್ಲ. ಇದು ಅವರಿವರ ಬಾಯಿಂದ ಬಂದದ್ದಲ್ಲ. ಒಮಾನಿನ ಘಾಲಾದಲ್ಲಿ ನಮ್ಮ ಕ್ವಾರ್ಟರ್ಸಿನ ಮೇಲಿನ ಮಹಡಿಯಲ್ಲಿದ್ದ ಸಿಪ್ರಿಯನ್ನನಿಗೆ ಆದದ್ದು. ತೊಂಬತ್ತೆರಡನೇ ಇಸವಿ, ಫೆಬ್ರವರಿ ತಿಂಗಳು.

ಆ ರಾತ್ರಿ ಸುಹಾರಿನಿಂದ ಬರಬೇಕಾದ ಸಾಮಾನಿನ ಲಾರಿ ತಡವಾಗಿ, ಅವನು ಆಫೀಸು ಬಿಡುವಾಗ ಹನ್ನೊಂದಾಗಿತ್ತು. ಗ್ಯಾರೇಜುಗಳ ಶಟರ್ ಎಲ್ಲ ಇಳಿದಿದ್ದವು. ಮಾರ್ಬಲ್ ಯಾರ್ಡಿನ ಹಿಂದೆ ಒಂದು ಹಳೆ ಬಾವಿ. ಗ್ಯಾರೇಜುಗಳು ಬರುವ ಮೊದಲು ಅಲ್ಲಿ ಖರ್ಜೂರದ ತೋಟವಿತ್ತಂತೆ. ತೋಟ ಹೋಯಿತು, ಬಾವಿ ಒಣಗಿ ಉಳಿಯಿತು. ಸಿಪ್ರಿಯನ್ ದಿನಾ ಅದರ ಬದಿಯಿಂದಲೇ ನಡೆದು ರೂಮಿಗೆ ಬರುತ್ತಿದ್ದ.

ಬಾವಿ ದಾಟಿ ಹತ್ತು ಹೆಜ್ಜೆ ಇಟ್ಟಿರಬೇಕು... ಹಿಂದಿನಿಂದ ಸದ್ದು.

ಟಿಕ್... ಟಿಕ್... ಟಿಕ್... ಟಿಕ್...

ಸೈಕಲ್ ಬಿಟ್ಟವರಿಗೆ ಗೊತ್ತು. ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಉರುಳಲು ಬಿಟ್ಟರೆ ಹಿಂದಿನ ಚಕ್ರದ ಫ್ರೀವೀಲ್ ಹಾಗೆ ಸದ್ದು ಮಾಡುತ್ತದೆ. ಸಿಪ್ರಿಯನ್ ನಿಂತ. ಸದ್ದೂ ನಿಂತಿತು. ತಿರುಗಿ ನೋಡಿದ. ಖಾಲಿ ರಸ್ತೆ. ಮತ್ತೆ ನಡೆದ. ಟಿಕ್... ಟಿಕ್...

"ಯಾವನೋ ಗತಿಗೆಟ್ಟವನು," ಎಂದು ಉಗಿದು ಬೇಗ ಬೇಗ ಮೆಟ್ಟಿಲು ಹತ್ತಿದ. ಬಾಗಿಲು ಹಾಕಿಕೊಂಡ. ಸದ್ದು ಮೆಟ್ಟಿಲ ಬುಡಕ್ಕೆ ಬಂದು ನಿಂತಿತು.

ಸೈಕಲ್ಲೆಂದರೆ ಅವನಿಗೆ ಅಷ್ಟು ಅಸಹ್ಯ. ಕಾರಣವೂ ಇತ್ತು. ಕಲ್ಯಾಣಪುರದಲ್ಲಿ ಅವನ ಅಪ್ಪ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ ಮನೆ ಮನೆಗೆ ಬ್ರೆಡ್ಡು, ಬನ್ನು ಮಾರಿದವರು. ಆ ಬನ್ನಿನ ಹಣದಲ್ಲೇ ಇವನು ಬಿಕಾಂ ಓದಿದ. ಇವನು ಒಮಾನಿಗೆ ಬಂದ ಮೇಲೆ ಇವನ ಬಾಯಲ್ಲಿ ಅಪ್ಪ 'ಬೇಕರಿ ಬಿಸಿನೆಸ್‌'ನವರಾದರು. ಊರಿನವರಾದ ನಮ್ಮ ಮುಂದೆಯೂ ಹಾಗೇ ಹೇಳುತ್ತಿದ್ದ, ನಾಚಿಕೆಯಿಲ್ಲದೆ.

ಕಂಪೆನಿಯಲ್ಲಿ ಅವನು ರಿಸೀವಿಂಗ್ ಕ್ಲಾರ್ಕ್. ಒಂದು ಮೊಳೆ ಒಳಗೆ ಬರಬೇಕಾದರೂ ಕಾಗದಕ್ಕೆ ಅವನ ಸೀಲು ಬೀಳಬೇಕು. 'ರಿಸೀವ್ಡ್' ಎಂಬ ಅಕ್ಷರ, ಅದರ ನಡುವೆ ತಾರೀಕು ತಿರುಗಿಸುವ ಪುಟ್ಟ ಚಕ್ರ. ಕುರ್ಚಿ ಸಣ್ಣದು, ಜಂಬ ದೊಡ್ಡದು. ಡ್ರೈವರುಗಳನ್ನು ಕಿಟಕಿಯ ಹೊರಗೆ ಬಿಸಿಲಲ್ಲಿ ನಿಲ್ಲಿಸಿ, ಗಂಟೆ ಒಂದಾಯಿತೆಂದರೆ ಅವರ ಮೂತಿಗೇ ಕಿಟಕಿ ಮುಚ್ಚುತ್ತಿದ್ದ. ಖಲಾಸ್. ನಾಳೆ ಬಾ.

ಆ ಕಂಪೆನಿಗೆ ಫ್ರಾನ್ಸಿನಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಹೆಸರು ಯಾರ ನಾಲಿಗೆಗೂ ಹೊರಳದೆ ಎಲ್ಲರೂ ಮೊಸ್ಯೂ ಎನ್ನುತ್ತಿದ್ದರು. ಬಾಗಿಲಲ್ಲಿ ಲ್ಯಾಂಡ್ ಕ್ರೂಸರ್ ನಿಂತಿದ್ದರೂ ಮೊಸ್ಯೂ ಪ್ರತಿ ಶುಕ್ರವಾರ ಚಡ್ಡಿ ಹಾಕಿ ಸೈಕಲ್ ಹತ್ತುವವನು. ತನ್ನೂರಿನ ಪೋಸ್ಟ್‌ಕಾರ್ಡುಗಳನ್ನು ಎಲ್ಲರಿಗೂ ತೋರಿಸುವವನು. ದ್ರಾಕ್ಷಿ ತೋಟಗಳ ನಡುವೆ ಸಪೂರ ರಸ್ತೆ, ಗುಡ್ಡದ ಮೇಲೆ ಅರಸರ ಕೋಟೆ, ಊರೂರಿಗೆ ಒಂದು ಹಳೇ ಇಗರ್ಜಿ. ಆ ರಸ್ತೆಗಳಲ್ಲಿ ಜನ ಒಂದೇ ದಿನ ಇನ್ನೂರು ಕಿಲೋಮೀಟರ್ ಸೈಕಲ್ ತುಳಿಯುತ್ತಾರಂತೆ. ಕಿಸೆಯಲ್ಲಿ ಒಂದು ಕಾರ್ಡು. ಕೋಟೆಯ ಬಾಗಿಲಲ್ಲಿ ಒಂದು ಸೀಲು, ಇಗರ್ಜಿಯಲ್ಲಿ ಒಂದು, ಬೇಕರಿಯಲ್ಲಿ ಒಂದು. ಸೀಲು ಇಲ್ಲದಿದ್ದರೆ ನೀನು ಆ ದಾರಿಯಲ್ಲಿ ಹೋಗಲೇ ಇಲ್ಲವೆಂದು ಲೆಕ್ಕ.

"ಕೋಟೆ ನೋಡ್ಲಿಕ್ಕೆ ಬೆವರು ಸುರಿಸ್ಬೇಕಾ? ಬಸ್ಸಿಲ್ವಾ ಇವರ ಊರಲ್ಲಿ?" ಎಂದು ಸಿಪ್ರಿಯನ್ ಬೆನ್ನ ಹಿಂದೆ ನಗುತ್ತಿದ್ದ. ಎದುರಿಗೆ ಮಾತ್ರ, "ವೆರಿ ನೈಸ್ ಸರ್."

ನಗದೆ ನೋಡಿದವನು ಒಬ್ಬನೇ. ವರ್ಕ್‌ಶಾಪಿನ ಮೆಕ್ಯಾನಿಕ್ ದೇಜಪ್ಪ, ಹೆಬ್ರಿ ಕಡೆಯವನು. ಮೊಸ್ಯೂನ ಸೈಕಲ್ ರಿಪೇರಿ ಮಾಡುತ್ತಾ ಮಾಡುತ್ತಾ ಅವನಿಗೂ ಹುಚ್ಚು ಹತ್ತಿತು. ಮೊಸ್ಯೂ ತನ್ನ ಹಳೆ ರೇಸ್ ಸೈಕಲ್ ಅವನಿಗೇ ಕೊಟ್ಟ. ಕೋಟೆಯ ಒಂದು ಪೋಸ್ಟ್‌ಕಾರ್ಡನ್ನು ದೇಜಪ್ಪ ಸ್ಪ್ಯಾನರುಗಳ ಮೇಲೆ ಗೋಡೆಗೆ ಅಂಟಿಸಿಕೊಂಡ. ಸಿಪ್ರಿಯನ್ನನಿಗೆ ಮೈ ಉರಿಯಿತು. ಗ್ರೀಸಿನ ಕೈಯವನು ಸಾಹೇಬರ ಜೊತೆ ಸೈಕಲ್ ಬಿಡುವುದೆಂದರೇನು? ದೇಜಪ್ಪ ತುಳುವಿನಲ್ಲಿ, ನಮ್ಮೂರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, "ಪೊರ್ಬುಲೆ" ಎಂದು ಪ್ರೀತಿಯಿಂದ ಕರೆದರೆ ಇವನು ಹಿಂದಿಯಲ್ಲಿ ಉತ್ತರಿಸುತ್ತಿದ್ದ. "ಆಫೀಸ್ ಮೇ ಸರ್ ಬೋಲೋ."

ಆ ಜನವರಿಯಲ್ಲಿ ಮೊಸ್ಯೂ ತನ್ನೂರಿನ ಪದ್ಧತಿಯನ್ನು ಇಲ್ಲೂ ಶುರುಮಾಡಿದ. ಬರ್ಕಾದಿಂದ ಹೊರಟು ನಖಲ್ ಕೋಟೆ, ರುಸ್ತಾಕ್ ಕೋಟೆ, ಹಝ್ಮ್ ಕೋಟೆ. ನಾಲ್ಕು ಕಡೆ ನಾಲ್ಕು ಸೀಲು. ನಾಲ್ಕೂ ಬಿದ್ದವರನ್ನು ಜೂನ್ ತಿಂಗಳಲ್ಲಿ ತನ್ನೂರಿನ ಸವಾರಿಗೆ ಕರೆದುಕೊಂಡು ಹೋಗುತ್ತೇನೆಂದ. ಹೊರಟವರು ಆರು ಬಿಳಿಯರು ಮತ್ತು ದೇಜಪ್ಪ. ಆ ಬಿಳಿಯರಿಗೆ ಫ್ರಾನ್ಸ್ ದೊಡ್ಡದಲ್ಲ. ಮಾತು ಯಾರಿಗಾಗಿ ಆಡಿದ್ದೆಂದು ಎಲ್ಲರಿಗೂ ತಿಳಿದಿತ್ತು.

ರುಸ್ತಾಕಿನಲ್ಲಿ ಸೀಲು ಒತ್ತುವ ಕೆಲಸ ಸಿಪ್ರಿಯನ್ನನಿಗೆ ಬಿತ್ತು. ಶುಕ್ರವಾರದ ರಜೆ ಹಾಳಾಯಿತೆಂದು ಬೈಯುತ್ತಲೇ ಹೋದ. ಆಫೀಸಿನ ತನ್ನ ಸೀಲನ್ನೇ ಹಿಡಿದು ಕೋಟೆಯ ಎದುರು ಮೇಜು ಹಾಕಿ ಕೂತ. ಸಂಜೆ ಆರು ಗಂಟೆಗೆ ಮುಚ್ಚಬೇಕೆಂದು ನಿಯಮ. ಬಿಳಿಯರು ನಾಲ್ಕಕ್ಕೇ ಬಂದರು. ಎದ್ದು ನಿಂತು, ಸೀಲಿನ ರಬ್ಬರಿಗೆ ಬಾಯಿಂದ 'ಹಾ' ಎಂದು ಊದಿ, ಠಪ್ ಠಪ್ ಎಂದು ಒತ್ತಿ, ಪೆನ್ನಿನಿಂದ ಸಮಯ ಬರೆದು, "ಗುಡ್ ರೈಡ್ ಸರ್" ಎಂದ.

ದೇಜಪ್ಪ ಬರಲಿಲ್ಲ. ದಾರಿಯಲ್ಲಿ ಇಬ್ಬರು ಬಿಳಿಯರ ಚೈನು ತುಂಡಾಗಿತ್ತು, ಒಬ್ಬರ ಟ್ಯೂಬು ಎರಡು ಸಲ ಒಡೆದಿತ್ತು. ಎಲ್ಲ ರಿಪೇರಿ ಮಾಡಿ ಅವರನ್ನು ಮುಂದೆ ಕಳಿಸಿ ಇವನು ಹಿಂದೆ ಉಳಿದಿದ್ದ.

ಕತ್ತಲಾಗುತ್ತಿತ್ತು. ಸಿಪ್ರಿಯನ್ನನಿಗೆ ಹಸಿವು. ದೂರದಲ್ಲಿ ಸೈಕಲ್ಲಿನ ಸಣ್ಣ ದೀಪ ಕಂಡಿತು... ಕಂಡಿತ್ತು, ನೆನಪಿಡಿ. ಕಂಡ ಮೇಲೆಯೇ ಅವನು ಸೀಲನ್ನು ಡಬ್ಬಿಗೆ ಹಾಕಿ ಬೀಗ ಒತ್ತಿದ್ದು. ಕಳಕ್.

ಟಿಕ್ ಟಿಕ್ ಟಿಕ್ ಎಂದು ಸೈಕಲ್ ಬಂದು ಮೇಜಿನ ಮುಂದೆ ನಿಂತಿತು.

"ಪೊರ್ಬುಲೆ... ಒಂಜಿ ಸೀಲ್ ಪಾಡ್ಲೆ." ಒಂದು ಸೀಲು ಹಾಕಿ ಎಂದು ದೇಜಪ್ಪ ಕಾರ್ಡು ಚಾಚಿದ.

"ಟೈಮ್ ಖತಮ್."

"ಇನ್ನೂ ಎರಡು ನಿಮಿಷ ಉಂಟಲ್ಲ ಸರ್... ನೋಡಿ, ಐದು ಐವತ್ತೆಂಟು."

"ನಿನ್ನ ವಾಚು ನಿನ್ನ ಕೈಗೆ. ಸೀಲು ನನ್ನದು."

ದೇಜಪ್ಪ ಕಾರ್ಡನ್ನು ಅಂಗಿಯೊಳಗೆ ಹಾಕಿಕೊಂಡ.

"ಆಯ್ತು. ಮೊಸ್ಯೂ ಹಝ್ಮಿನಲ್ಲಿದ್ದಾರೆ. ಅವರಿಗೇ ಹೇಳ್ತೇನೆ," ಎಂದು ಕತ್ತಲಲ್ಲಿ ಹೊರಟುಹೋದ.

ಅವನು ಹಝ್ಮ್ ತಲುಪಲಿಲ್ಲ. ಒಂಬತ್ತು ಗಂಟೆಗೆ ಮೊಸ್ಯೂ ಜೀಪಿನಲ್ಲಿ ಹುಡುಕಿಕೊಂಡು ರುಸ್ತಾಕಿಗೆ ಬಂದು, ಊಟ ಮುಗಿಸಿ ಗಾಡಿಗೆ ಕಾಯುತ್ತಿದ್ದ ಸಿಪ್ರಿಯನ್ನನನ್ನು ಕೇಳಿದ. ದೇಜಪ್ಪ ಬಂದಿದ್ದನಾ?

ಬಂದಿದ್ದ ಎಂದರೆ, ಸೀಲು ಯಾಕೆ ಒತ್ತಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಸಿಪ್ರಿಯನ್ ಹೇಳಿದ, "ನೋ ಸರ್. ನಾನು ಏಳರವರೆಗೆ ಕಾದೆ. ಅವನು ಇಲ್ಲಿಗೆ ಬರಲೇ ಇಲ್ಲ. ಸುಸ್ತಾಗಿ ನಖಲ್‌ನಿಂದಲೇ ತಿರುಗಿರಬೇಕು."

ಹಾಗಾಗಿ ಇಡೀ ರಾತ್ರಿ ನಖಲ್ ರಸ್ತೆಯಲ್ಲಿ ಹುಡುಕಿದರು. ದೇಜಪ್ಪ ಬಿದ್ದಿದ್ದದ್ದು ಈಚೆ, ಹಝ್ಮ್ ರಸ್ತೆಯಲ್ಲಿ, ಅಲ್ಲಿಯವರು ವಾದಿ ಎನ್ನುವ ಒಣಗಿದ ಹೊಳೆಯ ಹೊಂಡದಲ್ಲಿ. ಬೆಳಿಗ್ಗೆ ಆಡು ಮೇಯಿಸುವ ಮುದುಕ ನೋಡಿದ. ಜೀವ ಹೋದದ್ದು ನಸುಕಿನ ಹೊತ್ತಿಗೆ ಎಂದರು ಡಾಕ್ಟರು. ಅಷ್ಟು ಹೊತ್ತು ಜೀವ ಇತ್ತು.

ಆಗಲಾದರೂ ಬಾಯಿ ಬಿಡಬೇಕಲ್ಲ? ಇಲ್ಲ. "ಹಾಗಾದ್ರೆ ಸೀಲು ಹಾಕಿಸದೇ ಕಳ್ಳನ ಹಾಗೆ ನುಸುಳಿ ಹೋಗಿದ್ದಾನೆ," ಎಂದ. ಸತ್ತವನನ್ನು ಕಳ್ಳ ಮಾಡಿದ. ಕಾರ್ಡು ಮೊಸ್ಯೂನ ಕೈಸೇರಿತು. ಬರ್ಕಾ, ನಖಲ್ ಎರಡು ಸೀಲು. ರುಸ್ತಾಕಿನ ಚೌಕ ಖಾಲಿ.

ಮರುದಿನದಿಂದ ಸೀಲಿನ ತಾರೀಕು ಸವಾರಿಯ ದಿನದಿಂದ ಮುಂದೆ ತಿರುಗಲಿಲ್ಲ. ಹತ್ತು ಜನವರಿ. ಎಣ್ಣೆ ಬಿಟ್ಟ, ಪಿನ್ನು ಹಾಕಿ ಎಬ್ಬಿಸಿದ. ಯಾವ ಕಾಗದಕ್ಕೆ ಒತ್ತಿದರೂ ಹತ್ತು ಜನವರಿ. ಕೊನೆಗೆ, "ದರಿದ್ರ ಚೈನಾ ಮಾಲು," ಎಂದು ಮನೆಗೆ ಬರುವಾಗ ಆ ಬಾವಿಗೆ ಎಸೆದ.

ಎಸೆದ ಒಂದು ವಾರಕ್ಕೆ ಶುರುವಾದದ್ದು... ಆ ಟಿಕ್ ಟಿಕ್.

ಹೀಗೆ ಸಾಲಾಗಿ ಹನ್ನೊಂದು ರಾತ್ರಿ ಆ ಸದ್ದು ಬಂತು. ಬಾವಿಯಿಂದ ಹೊರಟು ಮೊದಲು ಮೆಟ್ಟಿಲ ಬುಡಕ್ಕೆ. ಆಮೇಲೆ ಒಂದೊಂದು ರಾತ್ರಿ ಒಂದೊಂದು ಮೆಟ್ಟಿಲು ಮೇಲೆ. ಸೈಕಲ್ಲು ಮೆಟ್ಟಿಲು ಹತ್ತುವುದು ಹೇಗೆ ಎಂದು ನನ್ನನ್ನು ಕೇಳಬೇಡಿ. ಹನ್ನೊಂದನೆಯ ರಾತ್ರಿ ಸದ್ದು ಅವನ ಬಾಗಿಲ ಹೊರಗೇ ನಿಂತಿತು. ಬಾಗಿಲಡಿಯ ಸಂದಿನಿಂದ ಕಾಗದದ ಒಂದು ಮೂಲೆ ಒಳಗೆ ಬಂತು... ಹಿಂದೆ ಹೋಯಿತು. ಮತ್ತೆ ಬಂತು.

ಮರುದಿನ ಇಳಿಹೊತ್ತಿಗೆ ಸಿಪ್ರಿಯನ್ ಮಾರ್ಬಲ್ ಯಾರ್ಡಿನ ವಾಚ್‌ಮನ್ ಮೂಸಬ್ಬನ ಹತ್ತಿರ ಹೋದ. ಉಳ್ಳಾಲದ ಬ್ಯಾರಿ. ಇಷ್ಟು ವರ್ಷ ಅವನ ಸಲಾಮಿಗೆ ಇವನು ತಲೆಯೆತ್ತಿ ನೋಡಿದವನಲ್ಲ.

"ಬ್ಯಾರಿಗಳೇ... ಹಗ್ಗ ಉಂಟಾ?"

"ಬಾವಿಗಾ?" ಮೂಸಬ್ಬ ದನಿ ತಗ್ಗಿಸಿದ. "ನನಗೂ ಕೇಳ್ತದೆ ಪೊರ್ಬುಗಳೇ. ಏನು ಬಿಸಾಡಿದ್ದೀರಿ ಅದಕ್ಕೆ?"

"ಒಂದು ಸೀಲು."

"ಸೀಲು ಮಾತ್ರವಾ?"

ರಾತ್ರಿಯ ಇಶಾ ನಮಾಜು ಮುಗಿಸಿ ಬಂದು ಮೂಸಬ್ಬ ಹಗ್ಗ ಹಿಡಿದ. ಸಿಪ್ರಿಯನ್ ಸೊಂಟಕ್ಕೆ ಕಟ್ಟಿಕೊಂಡು, ಟಾರ್ಚು ಕಚ್ಚಿಕೊಂಡು, ಕಲ್ಲುಗಳ ಸಂದಿಗೆ ಕಾಲಿಟ್ಟು ಇಳಿದ. ಕೆಳಗೆ ಮರಳು, ಒಡೆದ ಬಾಟಲಿ. ಕೆದಕಿದ. ಸೀಲು ಸಿಕ್ಕಿತು.

ಅಷ್ಟರಲ್ಲಿ ಟಾರ್ಚು ಆರಿತು.

ಟಿಕ್... ಟಿಕ್... ಟಿಕ್...

ಮೇಲಿನಿಂದಲ್ಲ. ಬಾವಿಯ ತಳದಲ್ಲೇ. ಅವನ ಸುತ್ತ ಒಂದು ಸುತ್ತು ಬಂತು. ಎದುರು ನಿಂತಿತು. ಸಣ್ಣ ಹಳದಿ ಬೆಳಕು. ಆ ಬೆಳಕಿನಲ್ಲಿ ಕಂಡದ್ದು ಎರಡೇ... ಗ್ರೀಸು ಕೂತ ಒಂದು ಹೆಬ್ಬೆರಳು, ಅದು ಹಿಡಿದ ಕಾರ್ಡು.

"ಪೊರ್ಬುಲೆ..."

ಸಿಪ್ರಿಯನ್ ಕೈ ಚಾಚಿದ. ಬಾಯಿಂದ ಬಂದದ್ದು ಹಿಂದಿಯಲ್ಲ, ತುಳು. "ಕೊರ್ಲ ದೇಜಪ್ಪ... ಕಾರ್ಡ್ ಕೊರ್ಲ." ಕೊಡು ಎಂದು ಕಾರ್ಡು ತೆಗೆದುಕೊಂಡು ರಬ್ಬರಿಗೆ 'ಹಾ' ಎಂದು ಊದಿದ. ಉಸಿರೇ ಬರಲಿಲ್ಲ, ಎರಡನೇ ಸಲ ಊದಿದ. ಠಪ್. ಕಿಸೆಯಿಂದ ಪೆನ್ನು ತೆಗೆದು ಸಮಯ ಬರೆದ. ಐದು ಐವತ್ತೆಂಟು.

ಬೆಳಕು ಆರಿತು. ಟಿಕ್ ಟಿಕ್ ದೂರವಾಯಿತು, ಬಾವಿಗೆ ಗೋಡೆಯೇ ಇಲ್ಲವೇನೋ ಎನ್ನುವಷ್ಟು ದೂರ.

ಮೇಲೆಳೆದ ಮೂಸಬ್ಬ ಮೆಲ್ಲಗೆ ಕೇಳಿದ, "ಕೆಳಗೆ ಯಾರ ಹತ್ತಿರ ತುಳು ಮಾತಾಡಿದ್ದು?" ಸಿಪ್ರಿಯನ್ ಕೈ ನೋಡಿಕೊಂಡ. ಸೀಲು ಕೆಳಗೇ ಉಳಿದಿತ್ತು.

ಆಮೇಲೆ ಸದ್ದು ಬರಲಿಲ್ಲ. ಬುದ್ಧಿ ಬಂತೆಂದು ತಿಳಿದಿರಾ? ನಾಯಿ ಬಾಲ ಡೊಂಕೇ. ಹದಿನೈದು ದಿನ ಕಳೆದದ್ದೇ, "ಖಾಲಿ ಹೊಟ್ಟೆಯ ಭ್ರಮೆ," ಎಂದು ನಮ್ಮೆದುರು ನಕ್ಕ. ಮಾರ್ಚಿನಲ್ಲಿ ಮೊಸ್ಯೂ ಕೆಲಸ ಮುಗಿಸಿ ಊರಿಗೆ ಹೊರಟಾಗ ಇವನು ಏರ್‌ಪೋರ್ಟಿಗೂ ಹೋಗಿದ್ದ. ಮೊಸ್ಯೂ ಕೊನೆಯ ಬಾರಿ ಕೇಳಿದ. ಅವನು ನಿಜವಾಗಿಯೂ ನಿನ್ನ ಹತ್ತಿರ ಬರಲಿಲ್ಲವಾ? "ನೋ ಸರ್," ಎಂದು ಕೈಕುಲುಕಿ ಬಂದ. ಇಂಥ ಮನುಷ್ಯನ ಮುಖಕ್ಕೆ ಉಗುಳಿದರೂ ಒರೆಸಿಕೊಂಡು ಸಮಯ ನೋಡುತ್ತಾನೆ.

ಜುಲೈಯಲ್ಲಿ ಫ್ರಾನ್ಸಿನಿಂದ ಸಿಪ್ರಿಯನ್ನನಿಗೆ ಲಕೋಟೆ ಬಂತು. ದೇಜಪ್ಪನ ಕಾರ್ಡಿನ ಎರಡೂ ಬದಿಯ ಜೆರಾಕ್ಸು, ಜೊತೆಗೆ ಇಂಗ್ಲಿಷಿನಲ್ಲಿ ಮೊಸ್ಯೂ ಬರೆದ ನಾಲ್ಕು ಸಾಲು. "ಕಾರ್ಡು ನನ್ನ ಮೇಜಿನ ಡ್ರಾಯರಿನಲ್ಲಿ ಬೀಗದೊಳಗಿತ್ತು. ಜೂನಿನ ನಮ್ಮ ಸವಾರಿಯ ಮರುದಿನ ತೆಗೆದು ನೋಡಿದೆ. ರುಸ್ತಾಕಿನ ಚೌಕದಲ್ಲಿ ನಿನ್ನ ಸೀಲಿದೆ, ನಿನ್ನ ಅಕ್ಷರವಿದೆ. ಅವನು ಬರಲೇ ಇಲ್ಲ ಎಂದಿದ್ದೆ. ಹಾಗಾದರೆ ಇದನ್ನು ಯಾವಾಗ ಒತ್ತಿದೆ?"

ಹಿಂಬದಿಯಲ್ಲಿ ಮೊಸ್ಯೂನ ಊರಿನ ಇನ್ನೂ ಮೂರು ಸೀಲುಗಳಿದ್ದವು. ಒಂದು ಕೋಟೆಯದು, ಒಂದು ಇಗರ್ಜಿಯದು, ಒಂದು ಬೇಕರಿಯದು. ಮೂರಕ್ಕೂ ಜೂನಿನ ಆ ಸವಾರಿಯ ತಾರೀಕು.

ಸಿಪ್ರಿಯನ್ ಉತ್ತರ ಬರೆಯಲಿಲ್ಲ. ಆಗಸ್ಟಿನಲ್ಲಿ ಕೆಲಸ ಬಿಟ್ಟು ಊರಿಗೆ ಹೋದ. ಹೋಗುವಾಗ ಆ ಲಕೋಟೆಯನ್ನು ರೂಮಿನಲ್ಲಿಟ್ಟುಕೊಳ್ಳಲು ಹೆದರಿ, ಆದದ್ದನ್ನೆಲ್ಲ ಹೇಳಿ, ನನ್ನ ಕೈಗೆ ತುರುಕಿದ. ಸುಳ್ಳಾಗಿದ್ದರೆ ನಾನ್ಯಾಕೆ ಇಷ್ಟು ವರ್ಷ ಇಟ್ಟುಕೊಳ್ಳುತ್ತಿದ್ದೆ? ಬೇಕಾದರೆ ನಾಳೆ ಹಗಲು ಬನ್ನಿ, ತೋರಿಸುತ್ತೇನೆ. ಬೇಕರಿಯ ಸೀಲಿನ ಪಕ್ಕ ಹೆಬ್ಬೆರಳಿನ ಒಂದು ಕಪ್ಪು ಗುರುತು ಉಂಟು. ಜೆರಾಕ್ಸು ಅದು, ಬರೀ ಜೆರಾಕ್ಸು... ಆದರೂ ಮುಟ್ಟಿದರೆ ಕೈಗೆ ಗ್ರೀಸು ಹತ್ತುತ್ತದೆ.