ಮಿಸ್ ಅಂದ್ರ ಏನು?

೧೯೯೮ರ ಒಂದು ಭಾನುವಾರ ಕಮಲಾಪುರದಲ್ಲಿ ಕಲಬುರಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ರೊಟ್ಟಿಬುತ್ತಿ ಹಿಡಿದು ನಿಂತ ಮಾನಮ್ಮ, ಪೊಲೀಸ್ ಟ್ರೇನಿಂಗಿಗೆ ಹೋಗಿದ್ದ ಮಗನನ್ನು ನೋಡಲು ಹೊರಟಿದ್ದರು. ಬಸ್ ಹತ್ತಿಸಲು ಬಂದಿದ್ದ ಸೊಸೆ ಸುನಂದಾ ಅವನ ಪತ್ರ ಓದುತ್ತಿದ್ದಳು.

“‘ಅವ್ವನ್ನ ಭಾಳ ಮಿಸ್ ಮಾಡ್ಕೊಳ್ಳಾಕತ್ತೀನಿ’ ಅಂತ ಬರ್ದಾರ್ರಿ, ಅತ್ತಿ.”

“ಮಿಸ್ ಅಂದ್ರ? ಬಸ್ ಮಿಸ್ ಆತು ಅಂತೀವಲ್ಲ, ಹಂಗೇನು? ನಾ ಅವನ ಕೈತಪ್ಪಿ ಹೋದ್ನೇನು?”

“ಅಲ್ರಿ. ಹತ್ರ ಇಲ್ದವರು ನೆನಪಾಗಿ ಕರುಳು ಚುರ್ ಅಂತದಲ್ರಿ, ಅದು.”

“ಸಾಲ್ಯಾಗ ಅಕ್ಕೋರಿಗೆ ಮಿಸ್ ಅಂತಾವಲ್ಲ ಹುಡುಗ್ರು?”

“ಅದು ಬ್ಯಾರೇನೇ ರೀ.”

ಮಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಹುಚ್ಚಪ್ಪ. ನೆನಪಾಗ್ತದ ಅಂತ ಬರದ್ರ ಆಗ್ತಿರಲಿಲ್ಲೇನು? ನಿನಗೇನು ಬರ್ದಾನ?”

ಸುನಂದಾ ಪತ್ರ ಮಡಚಿದಳು. “ಅದನ್ನ ಓದಿ ಹೇಳಾಕ ಬರಂಗಿಲ್ರಿ.”

“ತಿಳೀತು ಬಿಡು. ನಡಿ, ನೀನೂ ಹತ್ತು.”

“ಸಂಜಿಕ ಎಮ್ಮಿ ಹಿಂಡಾವ್ರು ಯಾರ್ರಿ?”

“ನಿಮ್ಮ ಮಾವ ಹಿಂಡ್ತಾನ. ಅವನಿಗೇನು ಕೈ ಇಲ್ಲೇನು?”

ಬಸ್ ಬಂತು. ಮಾನಮ್ಮ ಸೊಸೆಯನ್ನು ಮುಂದೆ ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಬುತ್ತಿಯನ್ನು ಅವಳ ಮಡಿಲಲ್ಲಿಟ್ಟರು.

“ನೀನೇ ಕೊಡು,” ಎಂದರು.

ನನಗೆ ಕಟ್ಟಕಡೆಯ ಸೀಟು ಸಿಕ್ಕಿತು. ಮುಂದಿನ ಮಾತು ಕೇಳಿಸಲಿಲ್ಲ.